ವರ್ಡ್‌ಪ್ರೆಸ್ ಸೈಟುಗಳಿಗೆ ಡಬ್ಲ್ಯೂಪಿ-ಸಿಎಲ್‌ಐ: ಯಾವ ಪಿಎಚ್‌ಪಿ, ಯಾವ ಯೂಸರ್?

ಜಯನಗರದ ಸೀರೆ ಅಂಗಡಿ, ಮಲ್ಲೇಶ್ವರದ ಟ್ಯೂಷನ್ ಸೆಂಟರ್, ಒಂದೆರಡು ಕನ್ನಡ ಸುದ್ದಿತಾಣ. ಬೆಂಗಳೂರಿನಲ್ಲಿ ಇಂಥ ಸಣ್ಣ ವರ್ಡ್‌ಪ್ರೆಸ್ ಸೈಟುಗಳನ್ನು ನೋಡಿಕೊಳ್ಳುವವರಿಗೆ ಒಂದೊಂದು ಡ್ಯಾಶ್‌ಬೋರ್ಡಿಗೂ ಲಾಗಿನ್ ಆಗಿ ಅಪ್‌ಡೇಟ್ ಒತ್ತುವುದರಲ್ಲೇ ಅರ್ಧ ದಿನ ಹೋಗುತ್ತದೆ. ನಾನು ಆ ಕೆಲಸವನ್ನೆಲ್ಲ ಟರ್ಮಿನಲ್‌ನಲ್ಲಿ ಡಬ್ಲ್ಯೂಪಿ-ಸಿಎಲ್‌ಐ ಎಂಬ ಕಮಾಂಡ್-ಲೈನ್ ಟೂಲ್ ಬಳಸಿ ಮಾಡುತ್ತೇನೆ. ಈ ಟೂಲ್ ವರ್ಡ್‌ಪ್ರೆಸ್ಸನ್ನು ಹೊರಗಿನಿಂದ ಮುಟ್ಟುವುದಿಲ್ಲ. ಆ ಸೈಟಿನ ವರ್ಡ್‌ಪ್ರೆಸ್ಸನ್ನೇ ಟರ್ಮಿನಲ್‌ನಲ್ಲಿ ಲೋಡ್ ಮಾಡಿ, ಅದರ ಕೈಯಲ್ಲೇ ಕೆಲಸ ಮಾಡಿಸುತ್ತದೆ. ಹಾಗಾಗಿ ಏನಾದರೂ ಕೆಟ್ಟರೆ ನಾನು ಮೊದಲು ನೋಡುವುದು ಎರಡೇ: ಯಾವ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಓಡುತ್ತಿದೆ, ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆ. ಮುಕ್ಕಾಲು ಪಾಲು ತೊಂದರೆ ಇಲ್ಲೇ ಇರುತ್ತದೆ. (ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು, ಅದೂ ಸಣ್ಣಕ್ಷರದಲ್ಲಿ.)

ಇನ್‌ಸ್ಟಾಲ್ ಮಾಡುವುದು ಐದು ನಿಮಿಷದ ಕೆಲಸ. ಗಿಟ್‌ಹಬ್‌ನಲ್ಲಿ ಡಬ್ಲ್ಯೂಪಿ-ಸಿಎಲ್‌ಐನ ‘ಬಿಲ್ಡ್ಸ್’ ರೆಪೊಸಿಟರಿಯಲ್ಲಿರುವ ಫಾರ್ ಫೈಲನ್ನು (ಇಡೀ ಟೂಲನ್ನು ಒಂದೇ ಫೈಲಿನಲ್ಲಿ ಕಟ್ಟಿಟ್ಟದ್ದು) ಕರ್ಲ್ ಕಮಾಂಡಿನಿಂದ ಇಳಿಸಿಕೊಳ್ಳಬೇಕು. ‘ರಾ’ ಲಿಂಕನ್ನೇ ಕೊಡಿ. ಬ್ರೌಸರಿನಲ್ಲಿ ಕಾಣುವ ಪುಟದ ಲಿಂಕ್ ಕೊಟ್ಟರೆ ಇಳಿಯುವುದು ಬರೀ ಎಚ್‌ಟಿಎಂಎಲ್. ಫೈಲ್ ಕೆಲವು ಎಂಬಿ ಇರಬೇಕು, ಕೆಬಿಯಲ್ಲಿದ್ದರೆ ತಪ್ಪು ಫೈಲ್ ಬಂದಿದೆ ಎಂದೇ ಅರ್ಥ. ಆಮೇಲೆ ‘ಪಿಎಚ್‌ಪಿ ಡಬ್ಲ್ಯೂಪಿ-ಸಿಎಲ್‌ಐ.ಫಾರ್ --ಇನ್ಫೊ’ ಓಡಿಸಿ. ಸರಿಯಾಗಿ ಉತ್ತರ ಬಂದರೆ ‘ಸಿಎಚ್‌ಮಾಡ್ +ಎಕ್ಸ್’ ಕೊಟ್ಟು, ಸುಡೊ ಹಾಕಿ ಫೈಲನ್ನು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ‘ಡಬ್ಲ್ಯೂಪಿ’ ಎಂಬ ಹೆಸರಿನಲ್ಲಿ ಇಟ್ಟರೆ ಮುಗಿಯಿತು. ಮುಂದೆ ಹೊಸ ಆವೃತ್ತಿ ಬಂದಾಗ ‘ಸುಡೊ ಡಬ್ಲ್ಯೂಪಿ ಸಿಎಲ್‌ಐ ಅಪ್‌ಡೇಟ್’ ಸಾಕು.

ಆ ‘--ಇನ್ಫೊ’ದ ಉತ್ತರವನ್ನು ಓದದೆ ಮುಂದೆ ಹೋಗಬೇಡಿ. ಪಿಎಚ್‌ಪಿ ಬೈನರಿ ಎಲ್ಲಿದೆ, ಅದರ ಆವೃತ್ತಿ ಯಾವುದು, ಯಾವ ಪಿಎಚ್‌ಪಿ.ಐಎನ್‌ಐ ಓದುತ್ತಿದೆ ಎಂಬ ಮೂರೂ ಅಲ್ಲಿರುತ್ತವೆ. ಸೈಟನ್ನು ಜನರಿಗೆ ತೋರಿಸುವ ಪಿಎಚ್‌ಪಿ-ಎಫ್‌ಪಿಎಂ ಬೇರೆ, ಟರ್ಮಿನಲ್‌ನ ಪಿಎಚ್‌ಪಿ ಬೇರೆ. ಎರಡರ ಸೆಟ್ಟಿಂಗ್ ಫೈಲೂ ಬೇರೆ ಬೇರೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸೈಟು 8.2ರಲ್ಲಿ ಓಡುತ್ತಿದ್ದು, ಎಸ್‌ಎಸ್‌ಎಚ್‌ನಲ್ಲಿ (ಸರ್ವರಿಗೆ ದೂರದಿಂದ ಲಾಗಿನ್ ಆದಾಗ) ಸಿಗುವ ಪಿಎಚ್‌ಪಿ ಯಾವುದೋ ಹಳೇ ಆವೃತ್ತಿ ಆಗಿರುವುದು ಮಾಮೂಲಿ. ಆಗ ಪ್ಲಗಿನ್ ಕೋಡ್ ಪಾರ್ಸ್ ಎರರ್ ಕೊಡುತ್ತದೆ, ನಾವು ಪ್ಲಗಿನ್ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಅಂಥಲ್ಲಿ ಸರಿಯಾದ ಪಿಎಚ್‌ಪಿಯ ಪೂರ್ತಿ ಪಾತ್ ಬರೆದು, ಅದರ ನಂತರ ಫಾರ್ ಫೈಲಿನ ಪಾತ್ ಕೊಟ್ಟು, ಅದಕ್ಕೊಂದು ಏಲಿಯಸ್ (ಚಿಕ್ಕ ಹೆಸರು) ಮಾಡಿಟ್ಟುಕೊಳ್ಳುತ್ತೇನೆ. ‘134217728 ಬೈಟ್ಸ್ ಎಕ್ಸಾಸ್ಟೆಡ್’ ಎಂದು ಬಂದರೆ ಅದು 128 ಎಂಬಿಯ ಮಿತಿ. ‘-ಡಿ ಮೆಮೊರಿ_ಲಿಮಿಟ್=512ಎಂ’ ಎಂದು ಅದೇ ಸಾಲಿನಲ್ಲಿ ಪಿಎಚ್‌ಪಿಗೆ ಕೊಟ್ಟರೆ ಆಯಿತು. ಮೈಎಸ್‌ಕ್ಯೂಎಲ್ ಎಕ್ಸ್‌ಟೆನ್ಷನ್ ಇಲ್ಲ ಎಂದರೂ ಕಾರಣ ಇದೇ ಜಾತಿಯದು: ಎಫ್‌ಪಿಎಂಗೆ ಹಾಕಿದ್ದನ್ನು ಟರ್ಮಿನಲ್‌ನ ಪಿಎಚ್‌ಪಿಗೆ ಹಾಕಿಲ್ಲ.

ಯೂಸರ್ ವಿಷಯ ಇದಕ್ಕಿಂತ ಸೂಕ್ಷ್ಮ. ರೂಟ್ (ಸರ್ವರಿನ ಪೂರ್ತಿ ಅಧಿಕಾರ ಇರುವ ಯೂಸರ್) ಆಗಿ ಓಡಿಸಿದರೆ ಟೂಲ್ ‘ಯೈಕ್ಸ್’ ಎಂದು ಕೂಗಿ ನಿಂತುಬಿಡುತ್ತದೆ. ಬಹಳ ಜನ ‘--ಅಲೌ-ರೂಟ್’ ಸೇರಿಸಿ ಮುಂದೆ ಹೋಗುತ್ತಾರೆ. ಆದರೆ ಸೈಟಿನ ಪ್ರತಿ ಪ್ಲಗಿನ್ನಿನ ಕೋಡೂ ಆಗ ರೂಟ್ ಅಧಿಕಾರದಲ್ಲಿ ಓಡುತ್ತದೆ, ಅದರಲ್ಲೊಂದು ಹ್ಯಾಕ್ ಆಗಿದ್ದರೆ ಸರ್ವರೇ ಹೋಯಿತು. ಜೊತೆಗೆ ಹೊಸದಾಗಿ ಇಳಿದ ಫೈಲುಗಳ ಒಡೆತನ ರೂಟ್‌ಗೆ ಹೋಗುತ್ತದೆ. ಮುಂದಿನ ಸಲ ಅಂಗಡಿಯವರು ಡ್ಯಾಶ್‌ಬೋರ್ಡಿನಿಂದ ಅಪ್‌ಡೇಟ್ ಒತ್ತಿದಾಗ ಎಫ್‌ಟಿಪಿ ಪಾಸ್‌ವರ್ಡ್ ಕೇಳುವ ಪುಟ ಬರುತ್ತದೆ. ‘ಸರ್, ಇದೇನೋ ಪಾಸ್‌ವರ್ಡ್ ಕೇಳ್ತಿದೆ’ ಎಂದು ಫೋನ್ ಬಂದರೆ ಒಡೆತನ ನೋಡಿ, ಬೇರೇನೂ ಹುಡುಕಬೇಡಿ. ಉಬುಂಟುವಿನಲ್ಲಿ ‘ಸುಡೊ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ -- ಡಬ್ಲ್ಯೂಪಿ’ ಎಂದೇ, ಅಂದರೆ ವೆಬ್ ಸರ್ವರಿನ ಯೂಸರ್ ಹೆಸರಲ್ಲಿ, ಶುರುಮಾಡುವುದು ಒಳ್ಳೆಯದು. ಸೈಟಿಗೊಬ್ಬ ಯೂಸರ್ ಇದ್ದರೆ ಆ ಯೂಸರ್ ಹೆಸರು ಹಾಕಿ.

ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್. ‘ಡಬ್ಲ್ಯೂಪಿ ಡಿಬಿ ಎಕ್ಸ್‌ಪೋರ್ಟ್’ ಎಂದಷ್ಟೇ ಕೊಟ್ಟರೆ ಫೈಲು ನಿಂತಿರುವ ಫೋಲ್ಡರಿಗೇ ಬೀಳುತ್ತದೆ. ನಾವು ನಿಂತಿರುವುದು ಸಾಮಾನ್ಯವಾಗಿ ಸೈಟಿನ ಫೋಲ್ಡರಿನಲ್ಲೇ, ಅಂದರೆ ಗಿರಾಕಿಗಳ ಹೆಸರು, ವಿಳಾಸ, ಆರ್ಡರ್ ಎಲ್ಲ ಇರುವ ಡೇಟಾಬೇಸು ಲಿಂಕ್ ಸಿಕ್ಕವರಿಗೆಲ್ಲ ಡೌನ್‌ಲೋಡಿಗೆ ಸಿಗುತ್ತದೆ. ಹಾಗಾಗಿ ಪಬ್ಲಿಕ್ ಫೋಲ್ಡರಿನ ಹೊರಗಿನ ಪಾತನ್ನು ಪೂರ್ತಿ ಬರೆಯಿರಿ. ಮೈಎಸ್‌ಕ್ಯೂಎಲ್ 8 ಇರುವಲ್ಲಿ ‘ಪ್ರೋಸೆಸ್ ಪ್ರಿವಿಲೇಜ್’ ಬೇಕು ಎಂಬ ಎರರ್ ಬಂದರೆ ‘--ನೋ-ಟೇಬಲ್‌ಸ್ಪೇಸಸ್=ಟ್ರೂ’ ಸೇರಿಸಬೇಕು. ಆ ‘=ಟ್ರೂ’ ಬಿಡಬಾರದು. ಡಬ್ಲ್ಯೂಪಿ-ಸಿಎಲ್‌ಐನಲ್ಲಿ ‘--ನೋ-’ ಎಂದು ಶುರುವಾಗುವ ಫ್ಲ್ಯಾಗಿಗೆ ಬೇರೆ ಅರ್ಥ ಇರುವುದರಿಂದ ಬರೀ ಫ್ಲ್ಯಾಗ್ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ವರೆಗೆ ಹಾಗೇ ತಲುಪುವುದಿಲ್ಲ.

ನಂತರ ‘ಡಬ್ಲ್ಯೂಪಿ ಪ್ಲಗಿನ್ ಅಪ್‌ಡೇಟ್ --ಆಲ್ --ಡ್ರೈ-ರನ್’. ಯಾವುದು ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಗುತ್ತದೆ ಎಂಬ ಪಟ್ಟಿ ಬರುತ್ತದೆ, ಏನೂ ಬದಲಾಗುವುದಿಲ್ಲ. ದೀಪಾವಳಿ, ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರದ ಹೊತ್ತಲ್ಲಿ ಅಂಗಡಿ ಸೈಟುಗಳಿಗೆ ‘--ಪ್ಯಾಚ್’ (ಸಣ್ಣ ತಿದ್ದುಪಡಿಯ ಆವೃತ್ತಿ) ಮಾತ್ರ. ದೊಡ್ಡ ಆವೃತ್ತಿ ಹಬ್ಬ ಮುಗಿದ ಮೇಲೆ. ವೂಕಾಮರ್ಸ್ ಅಪ್‌ಡೇಟ್ ಮಾಡಿದ ಮೇಲೆ ‘ಡಬ್ಲ್ಯೂಪಿ ಡಬ್ಲ್ಯೂಸಿ ಅಪ್‌ಡೇಟ್’, ಕೋರ್ (ವರ್ಡ್‌ಪ್ರೆಸ್‌ನ ಮೂಲ ಕೋಡ್) ಅಪ್‌ಡೇಟ್ ಮಾಡಿದ ಮೇಲೆ ‘ಡಬ್ಲ್ಯೂಪಿ ಕೋರ್ ಅಪ್‌ಡೇಟ್-ಡಿಬಿ’. ಇವೆರಡು ಡೇಟಾಬೇಸನ್ನು ಹೊಸ ಕೋಡಿಗೆ ಹೊಂದಿಸುತ್ತವೆ. ದುಡ್ಡು ಕೊಟ್ಟು ಕೊಂಡ ಪ್ಲಗಿನ್ನುಗಳ ಅಪ್‌ಡೇಟ್ ಪಟ್ಟಿಯಲ್ಲಿ ಕಾಣದಿದ್ದರೆ ‘--ಕಾಂಟೆಕ್ಸ್ಟ್=ಅಡ್ಮಿನ್’ ಹಾಕಿ ನೋಡಿ. ಅವುಗಳ ಅಪ್‌ಡೇಟ್ ಕೋಡ್ ಎಷ್ಟೋ ಸಲ ಅಡ್ಮಿನ್ ಪುಟದಲ್ಲಿ ಮಾತ್ರ ಎದ್ದೇಳುತ್ತದೆ. ಇದೆಲ್ಲವನ್ನೂ ಟಿಮಕ್ಸ್ ಒಳಗೆ ಮಾಡಿ. ಮಳೆ ಬಂದು ಕರೆಂಟ್ ಹೋದರೆ ಮನೆಯ ವೈಫೈ ಸತ್ತು ಎಸ್‌ಎಸ್‌ಎಚ್ ಕಡಿಯುತ್ತದೆ, ಅಪ್‌ಡೇಟ್ ಅರ್ಧದಲ್ಲಿ ನಿಲ್ಲುತ್ತದೆ. ಟಿಮಕ್ಸ್ ಇದ್ದರೆ ಸರ್ವರಿನಲ್ಲಿ ಕೆಲಸ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ.

ಡೊಮೈನ್ ಬದಲಿಸುವಾಗ, ಅಥವಾ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋಗುವಾಗ, ಎಸ್‌ಕ್ಯೂಎಲ್ ಡಂಪನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಫೈಂಡ್-ರಿಪ್ಲೇಸ್ ಮಾಡುವವರು ಈಗಲೂ ಇದ್ದಾರೆ. ಅದು ಯಾಕೆ ಕೆಡುತ್ತದೆ ಅಂದರೆ, ವಿಜೆಟ್ಟು, ಥೀಮ್ ಸೆಟ್ಟಿಂಗುಗಳನ್ನು ವರ್ಡ್‌ಪ್ರೆಸ್ ಸೀರಿಯಲೈಸ್ ಮಾಡಿ, ಅಂದರೆ ಒಂದೇ ಸಾಲಾಗಿ ಕಟ್ಟಿ, ಇಡುತ್ತದೆ. ಪ್ರತಿ ಪಠ್ಯದ ಮುಂದೆ ಅದರ ಉದ್ದ ಬರೆದಿರುತ್ತದೆ, ಅದೂ ಅಕ್ಷರದಲ್ಲಲ್ಲ, ಬೈಟ್‌ನಲ್ಲಿ. ‘ಬೆಂಗಳೂರು’ ಎಂಬ ಪದ ಯೂನಿಕೋಡ್‌ನಲ್ಲಿ ಬ, ಎತ್ವ, ಅನುಸ್ವಾರ, ಗ, ಳ, ಊತ್ವ, ರ, ಉತ್ವ ಎಂದು ಎಂಟು ಸಂಕೇತ. ಒಂದೊಂದಕ್ಕೆ 3 ಬೈಟ್, ಒಟ್ಟು 24. ಆ 24ರ ಲೆಕ್ಕ ಒಂದು ಬೈಟ್ ತಪ್ಪಿದರೂ ಪಿಎಚ್‌ಪಿ ಆ ಸೆಟ್ಟಿಂಗನ್ನು ಓದುವುದಿಲ್ಲ, ಮೆನು, ಸೈಡ್‌ಬಾರ್ ಖಾಲಿ. ಎಚ್‌ಟಿಟಿಪಿಗೆ ಒಂದು ಎಸ್ ಸೇರಿಸಿದರೂ ಉದ್ದ ಒಂದು ಹೆಚ್ಚುತ್ತದಲ್ಲ! ‘ಡಬ್ಲ್ಯೂಪಿ ಸರ್ಚ್-ರಿಪ್ಲೇಸ್’ ಇದನ್ನು ಬಿಚ್ಚಿ, ಬದಲಿಸಿ, ಉದ್ದವನ್ನು ಮತ್ತೆ ಲೆಕ್ಕ ಹಾಕಿ ಕಟ್ಟಿಡುತ್ತದೆ. ‘--ಸ್ಕಿಪ್-ಕಾಲಮ್ಸ್=ಜಿಯುಐಡಿ’, ‘--ಆಲ್-ಟೇಬಲ್ಸ್-ವಿತ್-ಪ್ರಿಫಿಕ್ಸ್’ ಎರಡನ್ನೂ ಹಾಕುತ್ತೇನೆ. ಜಿಯುಐಡಿ ಎಂದರೆ ಪೋಸ್ಟಿನ ಕಾಯಂ ಗುರುತು, ಅದನ್ನು ಬದಲಿಸಬಾರದು. ಎರಡನೆಯದು ಇಲ್ಲದಿದ್ದರೆ ಪ್ಲಗಿನ್ನುಗಳು ತಾವೇ ಮಾಡಿಕೊಂಡ ಟೇಬಲ್ಲುಗಳು ಬಿಟ್ಟುಹೋಗಬಹುದು. ಇಲ್ಲೂ ಮೊದಲು ‘--ಡ್ರೈ-ರನ್’. ಪೇಜ್ ಬಿಲ್ಡರ್ ಬಳಸಿದ ಸೈಟಿನಲ್ಲಿ ಇಷ್ಟಾದರೂ ಚಿತ್ರಗಳು ಹಳೇ ವಿಳಾಸಕ್ಕೇ ಹೋಗುತ್ತಿದ್ದರೆ, ಡೇಟಾ ಜೇಸನ್‌ನಲ್ಲಿದ್ದು ಪ್ರತಿ ಸ್ಲ್ಯಾಶ್‌ಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಇರುತ್ತದೆ. ಆ ರೂಪದಲ್ಲೇ ವಿಳಾಸ ಬರೆದು ಮತ್ತೊಮ್ಮೆ ಓಡಿಸಬೇಕು.

ಕನ್ನಡ ಸೈಟಿಗೇ ಇರುವ ಇನ್ನೊಂದು ಪೀಕಲಾಟ ಲಿಂಕಿನದು. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಅದರ ಸ್ಲಗ್ಗನ್ನು (ಲಿಂಕಿನಲ್ಲಿ ಪೋಸ್ಟನ್ನು ಗುರುತಿಸುವ ಭಾಗ) ಶೇಕಡಾ ಚಿಹ್ನೆಯ ಎನ್‌ಕೋಡಿಂಗ್‌ನಲ್ಲಿ ಉಳಿಸುತ್ತದೆ. ಒಂದು ಬೈಟಿಗೆ ಮೂರು ಅಕ್ಷರ, ಅಂದರೆ ಒಂದು ಕನ್ನಡ ಸಂಕೇತಕ್ಕೆ 9. ಜಾಗ ಇರುವುದು 200. ಹಾಗಾಗಿ 22 ಸಂಕೇತ ಆಗುವಷ್ಟರಲ್ಲಿ ಮುಗಿಯಿತು, ಮೂರು ‘ಬೆಂಗಳೂರು’ ಕೂಡ ಹಿಡಿಸುವುದಿಲ್ಲ. ಗುಣಿತ, ಒತ್ತು ಎಲ್ಲ ಪ್ರತ್ಯೇಕ ಲೆಕ್ಕವಾದ್ದರಿಂದ ಉದ್ದದ ಶೀರ್ಷಿಕೆ ಪದದ ನಡುವೆಯೇ ತುಂಡಾಗುತ್ತದೆ. ಒಂದೇ ರೀತಿ ಶುರುವಾಗುವ ಎರಡು ಸುದ್ದಿಗೆ ಒಂದೇ ಸ್ಲಗ್ ಬಂದು, ಎರಡನೆಯದಕ್ಕೆ 2 ಎಂಬ ಬಾಲ ಅಂಟುತ್ತದೆ. ವಾಟ್ಸಾಪ್‌ನಲ್ಲಿ ಹಂಚಿದರೆ ನೋಡಲಾಗದಷ್ಟು ಉದ್ದದ ಲಿಂಕು ಬೇರೆ. ‘ಡಬ್ಲ್ಯೂಪಿ ಪೋಸ್ಟ್ ಲಿಸ್ಟ್’ಗೆ ಐಡಿ (ಇದೊಂದು ಮಾತ್ರ ದೊಡ್ಡಕ್ಷರದಲ್ಲಿ), ಪೋಸ್ಟ್_ನೇಮ್, ಪೋಸ್ಟ್_ಟೈಟಲ್ ಎಂಬ ಫೀಲ್ಡು ಕೊಟ್ಟು ಸಿಎಸ್‌ವಿಯಲ್ಲಿ ತೆಗೆಯಿರಿ. ಟೇಬಲ್ ರೂಪದಲ್ಲಿ ಕನ್ನಡ ಬಂದರೆ ಟರ್ಮಿನಲ್‌ನ ಗೆರೆಗಳೆಲ್ಲ ವಕ್ರ. ಆಮೇಲೆ ‘ಡಬ್ಲ್ಯೂಪಿ ಪೋಸ್ಟ್ ಅಪ್‌ಡೇಟ್’ನಲ್ಲಿ ಐಡಿ ಮತ್ತು ‘--ಪೋಸ್ಟ್_ನೇಮ್’ ಕೊಟ್ಟು ಚಿಕ್ಕ ಇಂಗ್ಲಿಷ್ ಸ್ಲಗ್ ಹಾಕಬಹುದು. ಈಗಾಗಲೇ ಪ್ರಕಟವಾದ ಪೋಸ್ಟಾದರೆ ವರ್ಡ್‌ಪ್ರೆಸ್ ಹಳೇ ಸ್ಲಗ್ಗನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ನೇರ ಎಸ್‌ಕ್ಯೂಎಲ್‌ನಲ್ಲಿ ಬದಲಿಸಿದರೆ ಆ ನೆನಪು ದಾಖಲಾಗುವುದಿಲ್ಲ, ಹಳೇ ಲಿಂಕೆಲ್ಲ 404.

ರಾತ್ರಿ ಬ್ಯಾಕಪ್ಪನ್ನು ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಹಾಕುವಾಗ ಮೂರು ಕಡೆ ಎಡವುತ್ತಾರೆ. ಸರ್ವರು ಡಿಜಿಟಲ್‌ಓಷನ್‌ನ ಬೆಂಗಳೂರು ಡೇಟಾಸೆಂಟರಿನಲ್ಲಿರಲಿ, ಅಮೆಜಾನ್‌ನ ಮುಂಬೈನಲ್ಲಿರಲಿ, ಉಬುಂಟುವಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ನಮ್ಮ ಬೆಳಗಿನ ಜಾವ 3 ಗಂಟೆ ಅಲ್ಲಿ ಹಿಂದಿನ ರಾತ್ರಿ 21:30. ಕ್ರಾನ್‌ಗೆ /ಯುಎಸ್‌ಆರ್/ಲೋಕಲ್/ಬಿನ್ ಗೊತ್ತಿರುವುದಿಲ್ಲ, ಕಮಾಂಡಿನ ಪೂರ್ತಿ ಪಾತ್ ಬರೆದು ‘--ಪಾತ್’ನಲ್ಲಿ ಸೈಟಿನ ಫೋಲ್ಡರ್ ಕೊಡಬೇಕು. ಫೈಲ್ ಹೆಸರಿಗೆ ತಾರೀಕು ಸೇರಿಸುವಾಗ ಶೇಕಡಾ ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕದಿದ್ದರೆ ಕ್ರಾನ್ ಅದನ್ನು ಹೊಸ ಸಾಲು ಎಂದು ತಿಳಿದು ಕಮಾಂಡನ್ನು ಅಲ್ಲಿಗೇ ಕತ್ತರಿಸುತ್ತದೆ.

ಸೈಟು ಬಿಳಿ ಪರದೆ ತೋರಿಸುತ್ತಿದ್ದರೆ, ಡಬ್ಲ್ಯೂಪಿ-ಸಿಎಲ್‌ಐ ಕೂಡ ಅದೇ ಕೆಟ್ಟ ಪ್ಲಗಿನ್ ಲೋಡ್ ಮಾಡಿ ಅಲ್ಲೇ ಬೀಳುತ್ತದೆ. ‘--ಸ್ಕಿಪ್-ಪ್ಲಗಿನ್ಸ್ --ಸ್ಕಿಪ್-ಥೀಮ್ಸ್’ ಸೇರಿಸಿದರೆ ಪ್ಲಗಿನ್ ಲೋಡ್ ಆಗುವುದಿಲ್ಲ, ಎರರ್‌ನಲ್ಲಿ ಹೆಸರು ಕಂಡ ಪ್ಲಗಿನ್ನನ್ನು ಡಿಆಕ್ಟಿವೇಟ್ ಮಾಡಬಹುದು. ಹ್ಯಾಕ್ ಅನುಮಾನ ಇದ್ದರೆ ‘ಡಬ್ಲ್ಯೂಪಿ ಕೋರ್ ವೆರಿಫೈ-ಚೆಕ್‌ಸಮ್ಸ್’ ಓಡಿಸಿ, ಆಮೇಲೆ ‘ಡಬ್ಲ್ಯೂಪಿ ಪ್ಲಗಿನ್ ವೆರಿಫೈ-ಚೆಕ್‌ಸಮ್ಸ್ --ಆಲ್’. ಕೋರ್ ಫೋಲ್ಡರಿನಲ್ಲಿ ಇರಬಾರದ ಫೈಲಿನ ಹೆಸರನ್ನೂ ಮೊದಲನೆಯದು ಹೇಳುತ್ತದೆ. ಚೆಕ್‌ಸಮ್ ಅಂದರೆ ಫೈಲು ಮೂಲದಂತೆಯೇ ಇದೆಯೇ ಎಂದು ಹೋಲಿಸುವ ಗುರುತು. ವರ್ಡ್‌ಪ್ರೆಸ್.ಆರ್ಗ್‌ನಲ್ಲಿ ಇಲ್ಲದ, ಕೊಂಡ ಪ್ಲಗಿನ್ನುಗಳಿಗೆ ಹೋಲಿಸಲು ಚೆಕ್‌ಸಮ್ ಇರುವುದಿಲ್ಲ. ಅವನ್ನು ಮಾರಿದವರ ಖಾತೆಯಿಂದ ಅದೇ ಆವೃತ್ತಿಯ ಜಿಪ್ ಇಳಿಸಿ ‘ಡಿಫ್ -ಆರ್’ ಹಾಕಿ ನೋಡಬೇಕು. ಅಪ್‌ಲೋಡ್ಸ್ ಫೋಲ್ಡರನ್ನೂ ಈ ಚೆಕ್‌ಸಮ್ ಮುಟ್ಟುವುದಿಲ್ಲ. ಅಲ್ಲಿ ಪಿಎಚ್‌ಪಿ ಫೈಲು ಇದೆಯೇ ಎಂದು ‘ಫೈಂಡ್’ ಕಮಾಂಡಿನಲ್ಲಿ ಬೇರೆಯೇ ಹುಡುಕಿ. ಸ್ವಚ್ಛ ಮಾಡಿದ ಮೇಲೂ ಹಳೇ ಕೋಡೇ ಓಡುತ್ತಿದೆ ಅನ್ನಿಸಿದರೆ ‘ಡಬ್ಲ್ಯೂಪಿ ಕ್ಯಾಶ್ ಫ್ಲಶ್’ನಿಂದ ಪ್ರಯೋಜನವಿಲ್ಲ. ಪಿಎಚ್‌ಪಿ ಕೋಡನ್ನು ಉಳಿಸಿಟ್ಟುಕೊಳ್ಳುವ ಆಪ್‌ಕ್ಯಾಶ್ ಇರುವುದು ಎಫ್‌ಪಿಎಂನ ಮೆಮೊರಿಯಲ್ಲಿ, ಅಲ್ಲಿಗೆ ಟರ್ಮಿನಲ್‌ನ ಪಿಎಚ್‌ಪಿಯ ಕೈ ನಿಲುಕದು. ಎಫ್‌ಪಿಎಂ ಅನ್ನೇ ರೀಲೋಡ್ ಮಾಡಬೇಕು.