ಹದಿಹರೆಯದ ಬಸಿರು ತಡೆಯುವ ಪಾಠ: ಎಂಟನೇ ತರಗತಿಯಲ್ಲೇ ಶುರು ಮಾಡಿ

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2020ರ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ಆರೋಗ್ಯ ಪಾಠದ ಕೆಲಸ ವಹಿಸುತ್ತಾರೆ. ವಾರಕ್ಕೊಂದು ಪಿರಿಯಡ್ ಇದಕ್ಕೇ ಮೀಸಲು. ದಯವಿಟ್ಟು ಅದನ್ನು ಗಣಿತಕ್ಕೆ ಬಿಟ್ಟುಕೊಡಬೇಡಿ.

ಹತ್ತನೇ ತರಗತಿವರೆಗೆ ಕಾಯಲೂಬೇಡಿ. ನಮ್ಮ ಕಡೆ ಚಿಕ್ಕ ವಯಸ್ಸಿನ ಬಸಿರು ಹೆಚ್ಚಾಗಿ ಮದುವೆಯ ಬೆನ್ನಿಗೇ ಬರುತ್ತದೆ. ಬೇಸಿಗೆ ರಜೆ ಬಂತೆಂದರೆ ಮದುವೆಗಳ ಸುಗ್ಗಿ. ಸಂಕ್ರಾಂತಿಯೊಳಗೆ ಪಾಠ ಮುಗಿದಿರಲಿ.

ಮೊದಲು ಒಂದು ಚಪ್ಪಲಿ ಡಬ್ಬಿಯ ಮುಚ್ಚಳ ಸೀಳಿ ಪ್ರಶ್ನೆ ಪೆಟ್ಟಿಗೆ ಮಾಡಿ. ಎಲ್ಲರೂ ಚೀಟಿ ಹಾಕಲೇಬೇಕು. ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಮಡಚಿ ಹಾಕಲಿ. ಆಗ ಬರೆದವರು ಯಾರೆಂದು ಗೊತ್ತಾಗುವುದಿಲ್ಲ, ಅಲ್ವಾ? "ಒಂದೇ ಸಲಕ್ಕ ಬಸರಾಗ್ತಾರೇನ್ರಿ ಟೀಚರ್?" ಎಂದು ಬರೆದಿರುತ್ತಾರೆ. ಆಗಬಹುದು ಎಂದು ನೇರವಾಗಿ ಹೇಳಿ. "ದೊಡ್ಡಾಕಿ ಆದಮ್ಯಾಲೆ ಮದಿವಿ ಮಾಡಿದ್ರ ಏನ್ ತಪ್ಪು?" ಎಂಬ ಚೀಟಿ ಬಂದರೆ ಸ್ವಲ್ಪ ಹೊತ್ತು ತೆಗೆದುಕೊಳ್ಳಿ. ಮುಟ್ಟು ಶುರುವಾದ ಮಾತ್ರಕ್ಕೆ ಹೆರುವಷ್ಟು ಮೈ ಬಲಿತಿರುವುದಿಲ್ಲ. ರಕ್ತ ಕಡಿಮೆಯಾಗುವುದು, ಬಿಪಿ ಏರಿ ಫಿಟ್ಸ್ ಬರುವುದು, ತೂಕವಿಲ್ಲದ ಮಗು ಹುಟ್ಟುವುದು ಈ ವಯಸ್ಸಿನಲ್ಲಿ ಜಾಸ್ತಿ. ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯ ಮಾತನ್ನೂ ಇಲ್ಲೇ ತನ್ನಿ.

ಹುಡುಗರನ್ನು ಆಟಕ್ಕೆ ಕಳಿಸಿ ಪಾಠ ಮಾಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅವರಿಗೂ ಗೊತ್ತಿರಬೇಕು. 18 ತುಂಬದ ಹುಡುಗಿ "ಒಪ್ಪಿದ್ದಳು" ಎಂಬ ಮಾತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ ಮುಂದೆ ನಡೆಯುವುದಿಲ್ಲ, ತಾಳಿ ಕಟ್ಟಿದ್ದರೂ ಅಷ್ಟೇ.

ತಾಯಂದಿರ ಸಭೆಗೆ ಊರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ನಮ್ಮ ಮಾತಿಗಿಂತ ಅವರ ಮಾತು ಬೇಗ ನಾಟುತ್ತದೆ. ಬಾಲ್ಯವಿವಾಹ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂದು ಅಲ್ಲೇ ತಿಳಿಸಿ. ಕರ್ನಾಟಕದ ತಿದ್ದುಪಡಿ ಬಂದ ಮೇಲೆ ಅಂಥ ಮದುವೆ ಕಾನೂನಿನಲ್ಲಿ ಮದುವೆಯೇ ಅಲ್ಲ.

ಪಾಠದಷ್ಟೇ ಮುಖ್ಯ ಹಾಜರಿ ಪುಸ್ತಕ. ಹುಡುಗಿ ಸಾಲಾಗಿ ಮೂರು ದಿನ ಬರದಿದ್ದರೆ ಹತ್ತಿ ಹೊಲದ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಹಚ್ಚುವ) ಕೆಲಸಕ್ಕೆ ಹೋಗಿರಬಹುದು, ಇಲ್ಲವೇ ನಿಶ್ಚಯ ಆಗಿರಬಹುದು. ಸುಮ್ನೆ ಗೈರು ಹಾಕಿ ಕೂರಬೇಡಿ, ಮನೆಗೆ ಹೋಗಿ. ಮದುವೆ ಸುದ್ದಿ ಖಚಿತವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಪಂಚಾಯ್ತಿ ಪಿಡಿಒಗೂ ತಿಳಿಸಿ.

ಆಗಲೇ ಬಸಿರಾಗಿದ್ದರೆ ಬೈಯಬೇಡಿ, ಟಿಸಿಯಂತೂ ಬೇಡವೇ ಬೇಡ. ಕಾನೂನಿನ ಪ್ರಕಾರ ವರದಿ ಮಾಡಲೇಬೇಕು ಎಂದು ಅವಳಿಗೆ ಮೊದಲೇ ತಿಳಿಸಿ, ನೀವೇ ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ. ಸ್ಟಾಫ್ ರೂಮಿನಲ್ಲಿ ಅವಳ ಹೆಸರು ಎತ್ತಬೇಡಿ. ಪರೀಕ್ಷೆ ಫಾರ್ಮ್ ತುಂಬಿಸಿಕೊಳ್ಳುವುದನ್ನು ಮರೆಯಬೇಡಿ.