ಬಫಲೋ ಅಪಘಾತವನ್ನು ನಾನು ಪಾಠ ಮಾಡುವ ಬಗೆ

ಪೈಲಟ್ ಆಗಬೇಕೆನ್ನುವ ಹುಡುಗ ಹುಡುಗಿಯರಿಗೆ ನಾನು ಶಿವಮೊಗ್ಗದ ಮನೆಯಲ್ಲೇ ಪಾಠ ಹೇಳುತ್ತೇನೆ. 2023ರ ಆಗಸ್ಟ್ ಕೊನೆಗೆ ಇಲ್ಲಿನ ಸೋಗಾನೆ ವಿಮಾನ ನಿಲ್ದಾಣಕ್ಕೆ ಎಟಿಆರ್ ವಿಮಾನ ಬರತೊಡಗಿದ ಮೇಲೆ ಕೇಳಿಕೊಂಡು ಬರುವವರು ಜಾಸ್ತಿಯಾದರು. ಇಳಿಯುವ ಹೊತ್ತಿಗೆ ವಿಮಾನ ಬೀಳುವುದು ಯಾಕೆ ಅಂದರೆ ಎಲ್ಲರೂ ಮೊದಲು ಹೇಳುವುದು ಮಳೆ, ಇಲ್ಲವೇ ಮಂಜು. ಮಲೆನಾಡಿನ ಮಕ್ಕಳು, ಸಹಜವೇ. ಅದಕ್ಕೇ ಅಮೆರಿಕದ ಬಫಲೋ ಅಪಘಾತದಿಂದ ಶುರು ಮಾಡುತ್ತೇನೆ.

2009ರ ಫೆಬ್ರವರಿ 12ರ ರಾತ್ರಿ. ಕೋಲ್ಗನ್ ಏರ್ ಎಂಬ ವಿಮಾನ ಕಂಪನಿಯ ಕ್ಯೂ400, ಎರಡು ಪ್ರೊಪೆಲರ್‌ಗಳ ವಿಮಾನ, ಐಎಲ್ಎಸ್ ಹಿಡಿದು ಇಳಿಯಲು ಬರುತ್ತಿತ್ತು. ಐಎಲ್ಎಸ್ ಅಂದರೆ ರನ್‌ವೇ ಬಳಿಯಿಂದ ಬರುವ ಎರಡು ರೇಡಿಯೋ ಸಂಕೇತ. ಒಂದು ಎಡ-ಬಲ ತೋರಿಸುತ್ತದೆ, ಇನ್ನೊಂದು ಇಳಿಜಾರು. ವೇಗದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇದನ್ನು ಬೋರ್ಡ್ ಮೇಲೆ ಬರೆದರೆ ಪಾಠ ಮುಗಿಯುವ ತನಕ ಅಳಿಸುವುದಿಲ್ಲ.

ತನಿಖಾ ವರದಿಯ ಕೊನೆಯ ಭಾಗವನ್ನು ವಾಚ್ ಹಿಡಿದು ಓದಿಸುತ್ತೇನೆ. ಒಬ್ಬರು ಕ್ಯಾಪ್ಟನ್, ಒಬ್ಬರು ಕೋ-ಪೈಲಟ್, ಮೂರನೆಯವರು ವೇಗ ಓದುವವರು. ಚಕ್ರ ಇಳಿಯಿತು. ಎಂಜಿನ್ ಪವರ್ ಕಡಿಮೆಯೇ ಇತ್ತು. ಎತ್ತರ ಉಳಿಸಲು ಆಟೋಪೈಲಟ್ ಮೂಗು ಎತ್ತುತ್ತಾ ಹೋಯಿತು. ಸುಮಾರು 180 ನಾಟ್ (ವಿಮಾನದ ವೇಗದ ಅಳತೆ) ಇದ್ದ ವೇಗ 131ಕ್ಕೆ ಬರಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಇಬ್ಬರೂ ಗಮನಿಸಲಿಲ್ಲ. ಮೂಗು ಏರಿಸಿ ಇಳಿಸಲು ಪೈಲಟ್ ಹಿಡಿಯುವ ಕಂಟ್ರೋಲ್ ಕಾಲಂ ಗಡಗಡ ನಡುಗಿ ಎಚ್ಚರಿಸಿತು. ಆಗ ಮೂಗು ತಗ್ಗಿಸಿ ಪೂರ್ತಿ ಪವರ್ ಕೊಡಬೇಕು. ಕ್ಯಾಪ್ಟನ್ ಕಾಲಂ ಅನ್ನು ತಮ್ಮ ಕಡೆಗೇ ಎಳೆದರು. ಕೋ-ಪೈಲಟ್, ಯಾರೂ ಹೇಳದಿದ್ದರೂ, ಫ್ಲ್ಯಾಪ್ (ನಿಧಾನಕ್ಕೆ ಹಾರಲು ರೆಕ್ಕೆಯ ಹಿಂಬದಿಯಿಂದ ಚಾಚುವ ಪಟ್ಟಿ) ಒಳಗೆ ತೆಗೆದುಕೊಂಡರು. ವಿಮಾನದಲ್ಲಿದ್ದ 49 ಮಂದಿಯೂ, ಅದು ಬಿದ್ದ ಮನೆಯಲ್ಲಿದ್ದ ಒಬ್ಬರೂ ಸತ್ತರು.

"ಸರ್, ರೆಕ್ಕೆ ಮೇಲೆ ಐಸ್ ಇತ್ತಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇತ್ತು. ಆದರೆ ಹಾರಾಟಕ್ಕೆ ಅದರಿಂದ ದೊಡ್ಡ ತೊಂದರೆ ಆಗಿರಲಿಲ್ಲ ಎಂದೇ ತನಿಖೆ ಹೇಳಿತು. ಐಸ್ ಇದ್ದಾಗ ಎಚ್ಚರಿಕೆ ಬೇಗ ಬರಲಿ ಎಂದು ಒಂದು ಸ್ವಿಚ್ ಇದೆ. ಅದನ್ನು ಹಾಕಿದ್ದರು. ಇಳಿಯುವ ವೇಗವನ್ನು ಮಾತ್ರ ಐಸ್ ಇಲ್ಲದ ಲೆಕ್ಕದಲ್ಲೇ ಇಟ್ಟಿದ್ದರು. ಹಾಗಾಗಿ ಕಾಲಂ ನಡುಗಿದಾಗ ವಿಮಾನ ಇನ್ನೂ ಸ್ಟಾಲ್ ಆಗಿರಲಿಲ್ಲ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಂಡಿರಲಿಲ್ಲ. ಉಳಿಸಿಕೊಳ್ಳಬಹುದಿತ್ತು. ಇಲ್ಲಿಗೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದಣಿವೂ ಇತ್ತು, ಕೆಲಸಕ್ಕೆ ಸಂಬಂಧಿಸದ ಮಾತುಕತೆಯೂ ಇತ್ತು. 10,000 ಅಡಿಗಿಂತ ಕೆಳಗೆ ಅಂಥ ಮಾತು ಬೇಡ ಎಂಬ ನಿಯಮ ಸುಮ್ನೆ ಮಾಡಿದ್ದಲ್ಲ.

ಆಮೇಲೆ ಮತ್ತೊಮ್ಮೆ ಓದಿಸುತ್ತೇನೆ. ಈ ಸಲ ವೇಗ ಇಳಿದ ಕೂಡಲೇ ಕೋ-ಪೈಲಟ್ ಆದವರು "ಸ್ಪೀಡ್" ಎಂದು ಗಟ್ಟಿಯಾಗಿ ಹೇಳಬೇಕು. ಹಿರಿಯರ ಎದುರು ದನಿ ಎತ್ತಿ ನಮ್ಮ ಮಕ್ಕಳಿಗೆ ಅಭ್ಯಾಸವಿಲ್ಲ. ಅದಕ್ಕೆ ಕ್ಯಾಪ್ಟನ್ ಕುರ್ಚಿಯಲ್ಲಿ ನಾನೇ ಕೂತು, ನನಗೇ ಹೇಳಿಸುತ್ತೇನೆ.