ಹುಬ್ಬಳ್ಳಿ ಹವೆಯಲ್ಲಿ ಉಕ್ಕಿಗೆ ಪೇಂಟು: ಮಿಲ್ ಸ್ಕೇಲಿನಿಂದ ಕ್ಯೂರಿಂಗ್‌ವರೆಗೆ

ಗೋಕುಲ ರೋಡು, ತಾರಿಹಾಳದ ಶೆಡ್ಡುಗಳಿಗೆ ಬರುವ ಹೊಸ ಆಂಗಲ್, ಚಾನಲ್, ಪ್ಲೇಟುಗಳ ಮೇಲೆ ನೀಲಿಗಪ್ಪು ಹೊಳಪಿನ ಪದರ ಇರುತ್ತದೆ. ಅದೇ ಮಿಲ್ ಸ್ಕೇಲ್. ತುಕ್ಕಿಲ್ಲದ ಮಾಲು ಅಂದುಕೊಂಡು ಅದರ ಮೇಲೆಯೇ ರೆಡ್ ಆಕ್ಸೈಡ್ ಹೊಡೆದು ಕಳಿಸುವವರೇ ಹೆಚ್ಚು. ಬಿಸಿ ಉಕ್ಕನ್ನು ರೋಲ್ ಮಾಡುವಾಗ ಹುಟ್ಟುವ ಈ ಆಕ್ಸೈಡ್, ಉಕ್ಕು ಹಿಗ್ಗಿ ಕುಗ್ಗಿದಂತೆ ತಾನು ಹಿಗ್ಗಿ ಕುಗ್ಗುವುದಿಲ್ಲ, ಸೀಳು ಬಿಡುತ್ತದೆ. ಸೀಳಿನಲ್ಲಿ ನೀರು ಇಳಿದರೆ ಬ್ಯಾಟರಿಯಂತೆ ಸ್ಕೇಲ್ ಕ್ಯಾಥೋಡ್, ಕೆಳಗಿನ ಉಕ್ಕು ಸವೆಯುವ ಆನೋಡ್. ತುಕ್ಕು ಒಳಗೊಳಗೇ ಹಬ್ಬಿ ಪೇಂಟು ಸ್ಕೇಲ್ ಸಮೇತ ಹಪ್ಪಳದಂತೆ ಏಳುತ್ತದೆ. ಬೈಗುಳ ಮಾತ್ರ ಪೇಂಟಿನ ಕಂಪನಿಗೆ.

ಬ್ಲಾಸ್ಟಿಂಗ್ ಅಂದರೆ ಗಾಳಿಯ ಒತ್ತಡದಲ್ಲಿ ಒರಟು ಕಣ ಬಡಿದು ಸ್ಕೇಲ್, ತುಕ್ಕು ಕೀಳುವುದು. ಅದಕ್ಕೆ ಮೊದಲು ಎಣ್ಣೆ, ಗ್ರೀಸ್ ತೆಗೆಯಬೇಕು. ಥಿನ್ನರ್ ಹಾಕಿದ ಒಂದೇ ಬಟ್ಟೆಯಿಂದ ಇಡೀ ಬೀಮ್ ಒರೆಸಿದರೆ ಎಣ್ಣೆ ಹೋಗುವುದಿಲ್ಲ, ಎಲ್ಲ ಕಡೆ ಹರಡುತ್ತದೆ. ಬಟ್ಟೆ ಬದಲಿಸುತ್ತ ಹೋಗಬೇಕು. ವೆಲ್ಡಿಂಗ್ ಸ್ಪ್ಯಾಟರ್ ಕೆತ್ತಿ, ಕತ್ತರಿಸಿದ ಅಂಚನ್ನು ಗ್ರೈಂಡರಿನಿಂದ ಸುಮಾರು 2 ಮಿಮೀ ತ್ರಿಜ್ಯಕ್ಕೆ ದುಂಡಗೆ ಮಾಡುತ್ತೇನೆ. ಒದ್ದೆ ಪೇಂಟು ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ, ಅಲ್ಲಿ ಪೇಂಟಿನ ಪದರ, ಅಂದರೆ ಫಿಲ್ಮ್, ತೆಳ್ಳಗಾಗುತ್ತದೆ. ಟ್ರಸ್‌ಗಳಲ್ಲಿ ತುಕ್ಕು ಶುರುವಾಗುವುದು ಅಂಚು, ಬೋಲ್ಟು, ವೆಲ್ಡ್ ಗೆರೆಯಲ್ಲೇ. ಆದ್ದರಿಂದ ಪೇಂಟು ಶುರುಮಾಡುವಾಗ ಈ ಜಾಗಗಳಿಗೆ ಮಾತ್ರ ಬ್ರಶ್‌ನಿಂದ ಒಂದು ಹೆಚ್ಚುವರಿ ಕೋಟ್ (ಸ್ಟ್ರೈಪ್ ಕೋಟ್) ಕೊಟ್ಟೇ ಸ್ಪ್ರೇ ಗನ್ ಎತ್ತುವುದು.

ಎಪಾಕ್ಸಿ ಅಥವಾ ಜಿಂಕ್ ಪ್ರೈಮರ್ ಇದ್ದರೆ ಎಸ್‌ಎ 2½ (ಸ್ಕೇಲ್, ತುಕ್ಕು ಹೋಗಿ ಮಸುಕು ಕಲೆಯಷ್ಟೇ ಉಳಿಯುವ ಮಟ್ಟ) ಬ್ಲಾಸ್ಟಿಂಗ್ ಬೇಕು, ಪ್ರೊಫೈಲ್ ಅಂದರೆ ಮೈಯ ಒರಟುತನದ ಆಳ 40ರಿಂದ 75 ಮೈಕ್ರಾನ್. ಕಾಪರ್ ಸ್ಲ್ಯಾಗ್ ಅಥವಾ ಸ್ಟೀಲ್ ಗ್ರಿಟ್ ಬಳಸಿ, ನಾಝಲ್ ಹತ್ತಿರ 7 ಬಾರ್ ಒತ್ತಡ ಸಿಗುವಂತೆ ನೋಡಿಕೊಳ್ಳಿ. ಹೊಳೆ ಮರಳು ಬೇಡವೇ ಬೇಡ. ಒಡೆದ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಗ್ರಿಟ್ ಹಾಕುವ ಮೊದಲು ಬರೀ ಗಾಳಿಯನ್ನು ಬಿಳಿ ಬ್ಲಾಟಿಂಗ್ ಕಾಗದಕ್ಕೆ ಒಂದು ನಿಮಿಷ ಬಿಟ್ಟು ನೋಡಿ. ಎಣ್ಣೆಯ ಕಲೆ, ನೀರಿನ ಹನಿ ಕಂಡರೆ ಗಾಳಿಯಿಂದ ಎಣ್ಣೆ, ನೀರು ಬೇರ್ಪಡಿಸುವ ಸೆಪರೇಟರ್ ಬಿಚ್ಚಿ ಸರಿಮಾಡಿದ ಮೇಲೇ ಕೆಲಸ.

ಕಾಂಪೌಂಡ್ ಗೇಟಿಗೆ ಇಷ್ಟೆಲ್ಲ ಬೇಕಿಲ್ಲ. ಪವರ್ ಟೂಲಿನಿಂದ ಎಸ್‌ಟಿ 3 ಮಟ್ಟಕ್ಕೆ (ಸಡಿಲ ಸ್ಕೇಲ್, ತುಕ್ಕು ಹೋಗಿ ಲೋಹದ ಹೊಳಪು ಕಾಣುವಂತೆ) ತಂದು ಆಲ್ಕಿಡ್ (ಸಾಮಾನ್ಯ ಎನಾಮೆಲ್ ಬಗೆಯ) ಪ್ರೈಮರ್ ಹೊಡೆದರೆ ಸಾಕು. ಆದರೆ ವೈರ್ ಕಪ್ ಬ್ರಶ್ ಒಂದನ್ನೇ ನಂಬಬೇಡಿ: ಅದು ಸ್ಕೇಲನ್ನು ತೆಗೆಯದೆ ಪಾಲಿಶ್ ಮಾಡುತ್ತದೆ, ಪೇಂಟಿಗೆ ಹಿಡಿತ ಸಿಗುವುದಿಲ್ಲ. ಕೊನೆಗೆ ಒರಟು ಫ್ಲಾಪ್ ಡಿಸ್ಕ್ ಆಡಿಸಬೇಕು. ಹೀಗೆ ಅರೆಬರೆ ಸ್ವಚ್ಛ ಮಾಡಿದ ಸ್ಕೇಲ್ ಮೇಲೆ ದುಬಾರಿ ಜಿಂಕ್ ಪ್ರೈಮರ್ ಹೊಡೆಸುವುದು ದುಡ್ಡು ಸುರಿದಂತೆಯೇ. ಸತುವಿನ ಕಣ ಬರಿ ಉಕ್ಕಿಗೆ ತಾಗಿದರೆ ಮಾತ್ರ ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಕಣಗಳು ಒಂದಕ್ಕೊಂದು ತಾಗಬೇಕೆಂದೇ ಒಣ ಫಿಲ್ಮಿನ ತೂಕದಲ್ಲಿ ಕನಿಷ್ಠ ಶೇ 80 ಸತುವಿನ ಪುಡಿ ಇರುತ್ತದೆ. ಅದು ಡಬ್ಬಿಯ ತಳಕ್ಕೆ ಕೂರುವುದೂ ಬೇಗ. ಸ್ಪ್ರೇ ಮುಗಿಯುವವರೆಗೂ ಕಲಕುತ್ತಲೇ ಇರಬೇಕು.

ಬ್ಲಾಸ್ಟ್ ಆದ ಉಕ್ಕು ರಾತ್ರಿ ಹಾಗೇ ಉಳಿಯಬಾರದು, ನಾಲ್ಕು ತಾಸಿನೊಳಗೆ ಪ್ರೈಮರ್ ಬೀಳಲಿ. ಉಕ್ಕಿನ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಹೆಚ್ಚು ಬಿಸಿ ಇರಬೇಕು. ಧಾರವಾಡದ ಮಳೆಗಾಲದ ಬೆಳಿಗ್ಗೆ ಗಾಳಿ 22 ಡಿಗ್ರಿ, ಆರ್ದ್ರತೆ ಶೇ 80 ಇದೆ ಅನ್ನಿ. ಇಬ್ಬನಿ ಬಿಂದು ಸುಮಾರು 18.4. ಉಕ್ಕು 21.4 ದಾಟಬೇಕು. ರಾತ್ರಿಯಿಡೀ ತಣಿದ ದಪ್ಪ ಬೀಮ್ ಆಗ ಇನ್ನೂ 19ರಲ್ಲೇ ಇರಬಹುದು. ಗಾಳಿಯ ಉಷ್ಣತೆ ನೋಡಿ ಮೋಸ ಹೋಗದೆ ಥರ್ಮಾಮೀಟರನ್ನು ಉಕ್ಕಿಗೇ ಹಚ್ಚಿ. ಅಣ್ಣಿಗೇರಿ, ನವಲಗುಂದದ ಕಡೆ ಬಯಲು ಸೈಟಿನಲ್ಲಾದರೆ ಬೇಸಿಗೆಯ ತೊಂದರೆ ಎರೆಮಣ್ಣಿನ ದೂಳು. ಪ್ರತಿ ಕೋಟ್‌ಗೂ ಮೊದಲು ಒಣ ಗಾಳಿ ಹೊಡೆದು, ಪಾರದರ್ಶಕ ಟೇಪ್ ಒತ್ತಿ ಕಿತ್ತು ದೂಳು ನೋಡುತ್ತೇನೆ.

ಇನ್ನು ಕ್ಯೂರಿಂಗ್, ಅಂದರೆ ಪೇಂಟು ಒಳಗಿನಿಂದ ಪೂರ್ತಿ ಗಟ್ಟಿಯಾಗುವುದು. ಥಿನ್ನರ್ ಹಾರಿ ಬೆರಳಿಗೆ ಅಂಟದಂತಾದರೆ ಕ್ಯೂರ್ ಆಯಿತೆಂದಲ್ಲ. ಪೇಂಟಿನ ಬೈಂಡರ್ (ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು) ಗಟ್ಟಿಯಾಗುವ ಬಗೆ ಒಂದೊಂದು ಪೇಂಟಿಗೆ ಒಂದೊಂದು. ಆಲ್ಕಿಡ್ ಗಾಳಿಯ ಆಮ್ಲಜನಕ ಹೀರಿ ಮೇಲಿನಿಂದ ಗಟ್ಟಿಯಾಗುತ್ತದೆ. ಒಂದೇ ಸಲ ದಪ್ಪಗೆ ಹೊಡೆದರೆ ಮೇಲೆ ಚರ್ಮ, ಕೆಳಗೆ ಹಸಿ, ಆಮೇಲೆ ಸುಕ್ಕು. ಗ್ಯಾಲ್ವನೈಸ್ ಶೀಟಿಗೆ ಆಲ್ಕಿಡ್ ನೇರ ಹಚ್ಚಿದರೆ ಸತುವಿನ ಮೇಲೆ ಅದು ಸಾಬೂನಾಗಿ ಕಳಚುತ್ತದೆ.

ಎಪಾಕ್ಸಿಯಲ್ಲಿ ಬೇಸ್ ಮತ್ತು ಹಾರ್ಡನರ್ ತಮ್ಮ ನಡುವೆಯೇ ಕೂಡಿಕೊಳ್ಳುತ್ತವೆ. ಡಬ್ಬಿಯ ಮೇಲೆ 4:1 ಎಂದಿದ್ದರೆ ಸಾಮಾನ್ಯವಾಗಿ ಅದು ಲೀಟರಿನ ಅಳತೆಯಲ್ಲಿ, ತೂಕದಲ್ಲಲ್ಲ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಆಗುತ್ತದೆಂಬುದು ತಪ್ಪು. ಜೋಡಿ ಸಿಗದ ಹಾರ್ಡನರ್ ಫಿಲ್ಮಿನಲ್ಲಿ ಮೆತ್ತಗೆ ಉಳಿಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಪಾಟ್ ಲೈಫ್ (ಕಲಸಿದ ಮಾಲು ಬಳಸಲು ಬರುವ ಅವಧಿ) ಹೆಚ್ಚುಕಡಿಮೆ ಅರ್ಧ: 25 ಡಿಗ್ರಿಗೆ 6 ತಾಸು ಅಂದದ್ದು ಏಪ್ರಿಲ್‌ನಲ್ಲಿ 35ಕ್ಕೆ 3 ತಾಸು. ಗಟ್ಟಿಯಾಗತೊಡಗಿದ ಮಾಲಿಗೆ ಥಿನ್ನರ್ ಸುರಿದರೆ ತೆಳ್ಳಗಾಗುತ್ತದೆ ಅಷ್ಟೆ, ಹಿಡಿತ ಮರಳಿ ಬರದು. ತಂಪು, ತೇವದ ರಾತ್ರಿಯಲ್ಲಿ ಎಪಾಕ್ಸಿಯ ಅಮೀನ್ ಬಗೆಯ ಹಾರ್ಡನರ್ ಗಾಳಿಯ ಇಂಗಾಲದ ಡೈಆಕ್ಸೈಡ್, ತೇವದ ಜೊತೆ ಸೇರಿ ಜಿಡ್ಡಿನ ಬಿಳಿಚು ಪದರ ಬಿಡುತ್ತದೆ. ಅದನ್ನು ಬೆಚ್ಚಗಿನ ಸಾಬೂನು ನೀರಿನಿಂದ ತೊಳೆಯದೆ ಮುಂದಿನ ಕೋಟು ಹಚ್ಚಿದರೆ ಪದರ ಪದರವಾಗಿ ಬಿಡುತ್ತದೆ.

ಈಥೈಲ್ ಸಿಲಿಕೇಟಿನ ಜಿಂಕ್ ಪ್ರೈಮರ್ ಇದಕ್ಕೆ ತದ್ವಿರುದ್ಧ: ಅದಕ್ಕೆ ತೇವವೇ ಬೇಕು, ಆರ್ದ್ರತೆ ಶೇ 50ರ ಮೇಲೆ. ಮಾರ್ಚ್, ಏಪ್ರಿಲ್‌ನ ಗದಗ, ಹುಬ್ಬಳ್ಳಿ ಮಧ್ಯಾಹ್ನ ಅಷ್ಟು ತೇವ ಸಿಗುವುದಿಲ್ಲ. ಫಿಲ್ಮ್ ನೀರು ತಡೆಯುವಷ್ಟು ಒಣಗಿದ ಮೇಲೆ ಸಣ್ಣಗೆ ನೀರು ಸಿಂಪಡಿಸಿ ಒದ್ದೆ ಇಡುತ್ತೇನೆ. ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕ) ಅದ್ದಿದ ಬಟ್ಟೆಯಿಂದ 50 ಸಲ ಹಿಂದೆ ಮುಂದೆ ಉಜ್ಜಿದಾಗ ಸತು ಬಿಟ್ಟುಬಂದರೆ ಮೇಲಿನ ಕೋಟ್ ಹಚ್ಚುವ ಹೊತ್ತು ಇನ್ನೂ ಬಂದಿಲ್ಲ. ಇದನ್ನು ಒಣ ಫಿಲ್ಮಿನಲ್ಲಿ 65ರಿಂದ 75 ಮೈಕ್ರಾನಿಗೇ ನಿಲ್ಲಿಸಿ. ತೀರಾ ದಪ್ಪವಾದರೆ ಬಿರಿಯುತ್ತದೆ. ಬಿಸಿಲಿಗೆ ಕೊನೆಯ ಕೋಟು ಪಾಲಿಯುರೆಥೇನ್, ಏಕೆಂದರೆ ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ. ಪಾಲಿಯುರೆಥೇನಿನ ಐಸೊಸೈನೇಟ್ ಹಾರ್ಡನರ್ ಡಬ್ಬಿ ತೆರೆದಿಟ್ಟರೆ ತೇವ ಎಳೆದು ಕೆಡುತ್ತದೆ. ಸ್ಪ್ರೇ ಮಾಡುವವನಿಗೆ ಬರಿ ಬಟ್ಟೆಯ ಮಾಸ್ಕ್ ಸಾಲದು.

ದಪ್ಪದ ಲೆಕ್ಕ ಸುಲಭ. ವಾಲ್ಯೂಮ್ ಸಾಲಿಡ್ಸ್ (ಒಣಗಿದ ಮೇಲೆ ಉಳಿಯುವ ಪೇಂಟಿನ ಪಾಲು) ಶೇ 60 ಇದ್ದು 100 ಮೈಕ್ರಾನ್ ಒಣ ಫಿಲ್ಮ್ ಬೇಕಾದರೆ ಒದ್ದೆ 167. ಶೇ 10 ಥಿನ್ನರ್ ಸೇರಿಸಿದರೆ 183. ಲೀಟರಿಗೆ 6 ಚದರ ಮೀಟರ್ ಎಂದು ಕಾಗದದಲ್ಲಿ ಬರುತ್ತದೆ, ಸ್ಪ್ರೇಯಲ್ಲಿ ಶೇ 30 ಹಾರಿಹೋದರೆ ಉಳಿಯುವುದು 4.2. ಕೊಟೇಶನ್ ಹಾಕುವಾಗ ಇದನ್ನೇ ಹಿಡಿಯಿರಿ.

ನೀರಿನ ಟ್ಯಾಂಕಿನ ಒಳಗೆ ಎಪಾಕ್ಸಿ ಹೊಡೆದಿದ್ದರೆ 25 ಡಿಗ್ರಿಗೆ 7 ದಿನ ಖಾಲಿ ಬಿಡಬೇಕು. ಥಿನ್ನರ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಎಕ್ಸಾಸ್ಟ್ ಪೈಪನ್ನು ತಳಕ್ಕೇ ಇಳಿಸಿ, ಆವಿ ಪೂರ್ತಿ ಹೋಗುವವರೆಗೆ ಗ್ರೈಂಡರ್, ಬೀಡಿ ಎರಡೂ ದೂರ ಇರಲಿ.